ಜಾವಾದಿಂದ ಬಾಲಿಗೆ: ಮೊದಲು ದಾರಿಯ ದಿನಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ದೂರದ ದ್ವೀಪಗಳಿಗೆ ಮನೆಮಂದಿಯೆಲ್ಲ ಸೇರಿ ಹೋಗೋಣ ಅಂತ ಮಾತಾದ ಕೂಡಲೇ ಒಂದು ಪಟ್ಟಿ ಶುರುವಾಗುತ್ತದೆ. ಮಗಳಿಗೆ ಜ್ವಾಲಾಮುಖಿ ನೋಡಬೇಕು. ಮಗನಿಗೆ ಸಮುದ್ರದೊಳಗಿನ ಮೀನು ನೋಡಬೇಕು. ಅಜ್ಜಿಗೆ ಹಳೆಯ ದೇವಸ್ಥಾನಗಳು ಬೇಕು. ಇನ್ನೊಬ್ಬರಿಗೆ ಸುಮ್ನೆ ಒಂದು ಕಡೆ ಕೂತರೆ ಸಾಕು. ಎಲ್ಲವೂ ನ್ಯಾಯವಾದ ಆಸೆಗಳೇ. ಇಂಡೋನೇಷ್ಯಾಕ್ಕೆ ಹೊರಟವರಿಗಂತೂ ಈ ಪಟ್ಟಿಗೆ ಕೊನೆಯೇ ಸಿಗುವುದಿಲ್ಲ. ಅಲ್ಲಿ 17,000ಕ್ಕೂ ಹೆಚ್ಚು ದ್ವೀಪಗಳಿವೆ. ಒಂದು ತುದಿಯಿಂದ ಇನ್ನೊಂದು ತುದಿಗೆ 5,000 ಕಿಲೋಮೀಟರಿಗಿಂತ ಜಾಸ್ತಿ ದೂರ. ದೇಶ ಒಂದೇ, ಗಡಿಯಾರ ಮಾತ್ರ ಮೂರು ಬಗೆ.

ಇಂಥ ಕಡೆ ನಾಲ್ಕಾರು ಊರು ಸುತ್ತುವ ಪ್ರವಾಸವನ್ನು ಹೇಗೆ ಜೋಡಿಸಿಕೊಳ್ಳಬೇಕು ಅನ್ನುವುದು ಇವತ್ತಿನ ಮಾತು. ನಾನು ಹೇಳಬೇಕೆಂದಿರುವುದು ಇಷ್ಟೇ. ಕಾಗದ ತೆಗೆದುಕೊಂಡಾಗ ಊರಿನಿಂದ ಊರಿಗೆ ಹೋಗುವ ದಿನಗಳನ್ನು ಮೊದಲು ಬರೆಯಿರಿ. ನೋಡುವ ಜಾಗಗಳು ಆಮೇಲೆ.

ಯಾಕೆ ಅಂದರೆ, ಸಂಸಾರ ಸಮೇತ ಊರು ಬದಲಾಯಿಸುವ ದಿನ ಪೂರ್ತಿ ಅದಕ್ಕೇ ಹೋಗುತ್ತದೆ. ಜಾವಾ ದ್ವೀಪದ ಯೋಗ್ಯಕರ್ತಾದಿಂದ ಬಾಲಿಗೆ ವಿಮಾನ ಒಂದೂಕಾಲು ಗಂಟೆಯ ಆಸುಪಾಸು. ಕೇಳಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಯೋಗ್ಯಕರ್ತಾದ ಹೊಸ ವಿಮಾನ ನಿಲ್ದಾಣ ಊರಿನಿಂದ 40 ಕಿಲೋಮೀಟರ್ ಆಚೆ, ಕುಲೋನ್ ಪ್ರೋಗೊ ಅನ್ನುವ ಕಡೆ ಇದೆ. ಎರಡು ಗಂಟೆ ಮೊದಲೇ ಅಲ್ಲಿರಬೇಕು. ಬಾಲಿಯಲ್ಲಿ ಇಳಿದು ಉಬುದ್‌ಗೆ ಹೋಗುವುದಾದರೆ ಇನ್ನೂ ಒಂದೂವರೆ ಗಂಟೆ ಕಾರಿನಲ್ಲಿ. ಅದರ ಮೇಲೆ, ಜಾವಾದಿಂದ ಬಾಲಿಗೆ ಬರುವಾಗ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟವರು ಕೋಣೆ ಸೇರುವಾಗ ಸಂಜೆ. ಮಕ್ಕಳು ಹಸಿದಿರುತ್ತಾರೆ, ಹಿರಿಯರ ಕಾಲು ಊದಿರುತ್ತದೆ. ಅವತ್ತು ಇನ್ನೇನು ನೋಡಲು ಸಾಧ್ಯ?

ಎರಡು ವಾರದ ಪ್ರವಾಸದಲ್ಲಿ ಆರು ಊರು ಅಂದರೆ ಇಂಥ ಐದು ದಿನ ಹೋದವು. ಬರುವ ದಿನ, ಮರಳುವ ದಿನ ಬೇರೆ. ಹಾಗಾಗಿ ಎರಡು ವಾರಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಕಡೆ ಬಿಡಾರ ಹೂಡುವುದು ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಡುವೆ ಒಂದು ರಾತ್ರಿಯ ತಂಗುವಿಕೆ ಬಂದರೆ ಅದು ಬರೀ ದಾರಿಗಾಗಿ ಅಂತ ಮೊದಲೇ ಎಲ್ಲರಿಗೂ ಹೇಳಿಬಿಡಿ.

ಇನ್ನೊಂದು ಮಾತು. ಹೋದ ದಾರಿಯಲ್ಲೇ ವಾಪಸ್ ಬರಬೇಡಿ. ಒಂದು ಊರಿನಲ್ಲಿ ಇಳಿದು ಇನ್ನೊಂದು ಊರಿನಿಂದ ಮರಳುವ ಹಾಗೆ ಟಿಕೆಟ್ ತೆಗೆದುಕೊಳ್ಳಬಹುದು. ಟಿಕೆಟ್ ಕಾಯ್ದಿರಿಸುವಾಗ ಬಹು ನಗರ ಅನ್ನುವ ಆಯ್ಕೆ ಇರುತ್ತದೆ. ದರ ಸ್ವಲ್ಪ ಹೆಚ್ಚಾದರೂ ಒಂದು ಇಡೀ ದಿನ ಉಳಿಯುತ್ತದೆ. ಯೋಗ್ಯಕರ್ತಾಕ್ಕೆ ಸಿಂಗಪುರ ಮತ್ತು ಕೌಲಾಲಂಪುರದಿಂದ ನೇರ ವಿಮಾನಗಳಿವೆ. ಅಲ್ಲಿ ಇಳಿದು, ಪೂರ್ವಕ್ಕೆ ಸಾಗುತ್ತಾ, ಬಾಲಿಯಿಂದ ಹೊರಟುಬಿಡಬಹುದು.

ಈ ದಾರಿ ನನಗೆ ತುಂಬ ಇಷ್ಟ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯೋಗ್ಯಕರ್ತಾದಲ್ಲಿ ನಾಲ್ಕು ರಾತ್ರಿ ಇರಿ. ದೂರದಿಂದ ಬಂದ ಮಕ್ಕಳಿಗೆ ನಿದ್ದೆ ಸರಿಹೋಗಲು ಒಂದು ದಿನ ಬೇಕೇ ಬೇಕು. ವಿಮಾನ ನಿಲ್ದಾಣದಿಂದ ಊರೊಳಗಿನ ತುಗು ನಿಲ್ದಾಣಕ್ಕೆ ರೈಲು ಇದೆ, 40 ನಿಮಿಷದ ಸುಮಾರು. ಒಂದು ದಿನ ಬೊರೊಬುದೂರ್. 9ನೇ ಶತಮಾನದ ಈ ಬೌದ್ಧ ಸ್ತೂಪದ ಮೇಲಕ್ಕೆ ಹತ್ತಲು ಈಗ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಗೈಡ್ ಜೊತೆಗೇ ಹೋಗಬೇಕು. ಕಲ್ಲು ಸವೆಯದಿರಲಿ ಅಂತ ಅವರೇ ಕೊಡುವ ಚಪ್ಪಲಿ ಹಾಕಿಕೊಳ್ಳಬೇಕು. ಸಾಮಾನ್ಯ ಟಿಕೆಟ್ ತೆಗೆದುಕೊಂಡರೆ ಮೇಲೆ ಬಿಡುವುದಿಲ್ಲ, ಹತ್ತುವ ಟಿಕೆಟ್ ಬೇರೆ. ಅದನ್ನು ಮುಂಚಿತವಾಗಿ ತೆಗೆದುಕೊಂಡಿರಿ. ಅಷ್ಟು ದೂರ ಹೋಗಿ ಕೆಳಗಿನಿಂದಲೇ ನೋಡಿ ಬರುವುದು ಬೇಸರ, ಅಲ್ವಾ? ಇನ್ನೊಂದು ದಿನ ಪ್ರಂಬನನ್. ಬ್ರಹ್ಮ, ವಿಷ್ಣು, ಶಿವ ಮೂವರಿಗೂ ಗುಡಿಗಳಿವೆ. ಗೋಡೆಯ ಮೇಲೆ ರಾಮಾಯಣದ ಕಥೆ ಸಾಲಾಗಿ ಕೆತ್ತಿದ್ದಾರೆ. ಮಳೆ ಇಲ್ಲದ ತಿಂಗಳುಗಳಲ್ಲಿ ಅಲ್ಲೇ ಬಯಲು ರಂಗದಲ್ಲಿ ರಾಮಾಯಣದ ನೃತ್ಯರೂಪಕ ನಡೆಯುತ್ತದೆ, ಹಿನ್ನೆಲೆಯಲ್ಲಿ ದೀಪ ಹಚ್ಚಿದ ಗುಡಿಗಳು. ಕಥೆ ಗೊತ್ತಿರುವ ಮಗುವಿಗೆ ಭಾಷೆ ಬೇಕಾಗುವುದಿಲ್ಲ.

ಅಲ್ಲಿಂದ ರೈಲು. ಸುರಬಾಯಾಕ್ಕೆ ನಾಲ್ಕು ಗಂಟೆಯ ಆಸುಪಾಸು, ಮುಂದೆ ಪ್ರೊಬೊಲಿಂಗೊ ಊರಿಗೆ ಇನ್ನೆರಡು ಗಂಟೆ. ಭತ್ತದ ಗದ್ದೆಗಳ ನಡುವೆ ಹೋಗುವ ಹಗಲು ರೈಲು. ಮಕ್ಕಳು ಎದ್ದು ಓಡಾಡಬಹುದು, ಹಿರಿಯರು ಕಾಲು ಚಾಚಬಹುದು. ದಾರಿಯ ದಿನವೂ ಪ್ರವಾಸವೇ ಆಗುವುದು ಹೀಗೆ.

ಪ್ರೊಬೊಲಿಂಗೊದಿಂದ ಬೆಟ್ಟ ಹತ್ತಿದರೆ ಬ್ರೊಮೊ. 2,329 ಮೀಟರ್ ಎತ್ತರದ ಜೀವಂತ ಜ್ವಾಲಾಮುಖಿ. ಸೂರ್ಯೋದಯ ನೋಡಲು ನಡುರಾತ್ರಿ ಮೂರು ಗಂಟೆಗೆ ಜೀಪುಗಳು ಹೊರಡುತ್ತವೆ. ಉಷ್ಣವಲಯ ಅಂತ ಬರೀ ತೆಳು ಬಟ್ಟೆ ತಂದವರು ಇಲ್ಲಿ ನಡುಗುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಬೆಟ್ಟದ ಸುತ್ತಲಿನ ಬಯಲಿನ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು. ಒಬ್ಬೊಬ್ಬರಿಗೂ ಒಂದು ಸ್ವೆಟರ್, ಟೋಪಿ, ಕಾಲುಚೀಲ ಇರಲಿ. ಪುಟ್ಟ ಮಕ್ಕಳನ್ನು ಮೂರು ಗಂಟೆಗೆ ಎಬ್ಬಿಸಲೇಬೇಕು ಅಂತೇನೂ ಇಲ್ಲ. ಎಂಟು ಗಂಟೆಗೆ ಹೋದರೆ ಜನ ಕಡಿಮೆ, ಬಿಸಿಲು ಹಿತ, ಕುಳಿಯ ಅಂಚಿನಿಂದ ಹೊಗೆ ಚೆನ್ನಾಗಿಯೇ ಕಾಣುತ್ತದೆ. ಇನ್ನೂ ಪೂರ್ವಕ್ಕಿರುವ ಇಜೆನ್ ಜ್ವಾಲಾಮುಖಿಯ ಕುಳಿಯಲ್ಲಿ ಗಂಧಕ ಉರಿದು ಕಾಣುವ ನೀಲಿ ಬೆಂಕಿ ಹೆಸರಾದದ್ದು. ಆದರೆ ಅದಕ್ಕೆ ರಾತ್ರಿ ಕಡಿದಾದ ದಾರಿ ಹತ್ತಬೇಕು, ಗಂಧಕದ ಹೊಗೆ ಗಂಟಲು ಹಿಡಿಯುತ್ತದೆ. ಚಿಕ್ಕ ಮಕ್ಕಳು, ಉಬ್ಬಸ ಇರುವವರು ಇದ್ದರೆ ಇಜೆನ್ ಬಿಟ್ಟುಬಿಡಿ.

ಪ್ರೊಬೊಲಿಂಗೊದಿಂದ ಮತ್ತೆ ರೈಲು ಹತ್ತಿದರೆ ಜಾವಾದ ಪೂರ್ವ ತುದಿಯ ಕೆತಾಪಾಂಗ್ ನಿಲ್ದಾಣ. ಅಲ್ಲಿಂದ ಫೆರಿ ಬಂದರು ನಡೆದುಹೋಗುವಷ್ಟು ಹತ್ತಿರ. ಒಂದು ಗಂಟೆಯ ಸುಮಾರು ಜಲಸಂಧಿ ದಾಟಿದರೆ ಬಾಲಿಯ ಗಿಲಿಮಾನುಕ್. ಇಲ್ಲಿ ಒಂದು ಎಚ್ಚರಿಕೆ. ಹಗಲಿನಲ್ಲೇ ದಾಟಿ. 2025ರ ಜುಲೈ 2ರ ರಾತ್ರಿ ಇದೇ ಜಲಸಂಧಿಯಲ್ಲಿ ಒಂದು ಫೆರಿ ಮುಳುಗಿ ಜನ ಸತ್ತರು. ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಲ್ಲಿದೆ, ಮಕ್ಕಳ ಅಳತೆಯದು ಇದೆಯಾ ಅಂತ ನೋಡಿಕೊಳ್ಳಿ. ವಾಹನಗಳ ಅಂತಸ್ತಿನಲ್ಲಿ ಕೂರದೆ ಮೇಲೆ ಹೋಗಿ. ಪೂರ್ವ ಜಾವಾದಲ್ಲಿ ಸಂಜೆ ಐದೂವರೆ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಸಮಭಾಜಕ ಹತ್ತಿರವಾದ್ದರಿಂದ ಯಾವ ತಿಂಗಳಲ್ಲಿ ಹೋದರೂ ಹಗಲು ಹೆಚ್ಚುಕಡಿಮೆ ಹನ್ನೆರಡು ಗಂಟೆಯೇ. ಹಾಗಾಗಿ ದಾರಿಯ ದಿನಗಳೆಲ್ಲ ಬೇಗ ಶುರುವಾಗಬೇಕು.

ಬಾಲಿಗೆ ಈ ಕಡೆಯಿಂದ ಬಂದರೆ ಒಂದು ದೊಡ್ಡ ಲಾಭ ಇದೆ. ಗಿಲಿಮಾನುಕ್‌ನಿಂದ ಸ್ವಲ್ಪವೇ ದೂರದಲ್ಲಿ ಪೆಮುತೆರಾನ್ ಅನ್ನುವ ಶಾಂತ ಹಳ್ಳಿ. ಎದುರಿಗೆ ಮೆಂಜಾಂಗಾನ್ ದ್ವೀಪ, ಪಶ್ಚಿಮ ಬಾಲಿ ರಾಷ್ಟ್ರೀಯ ಉದ್ಯಾನದ ಭಾಗ. ಬೋಟಿನಲ್ಲಿ ಅರ್ಧ ಗಂಟೆ. ಹವಳದ ಗೋಡೆ ದಡದ ಪಕ್ಕದಲ್ಲೇ ಆಳಕ್ಕೆ ಇಳಿಯುತ್ತದೆ. ಮುಖಕ್ಕೆ ಮಾಸ್ಕ್ ಹಾಕಿಕೊಂಡು ನೀರಿನ ಮೇಲೆ ತೇಲಿದರೂ ಸಾಕು, ಮೀನುಗಳ ಹಿಂಡು ಕಾಣುತ್ತದೆ. ಮಗನ ಆಸೆ ಇಲ್ಲಿ ತೀರುತ್ತದೆ. ಅದಕ್ಕಾಗಿ ಇನ್ನೊಂದು ದ್ವೀಪಕ್ಕೆ ಹೋಗಬೇಕಾಗಿಲ್ಲ.

ಈಗ ಹವಾಮಾನ. ಜಾವಾ, ಬಾಲಿಗಳಲ್ಲಿ ಸುಮಾರು ಮೇಯಿಂದ ಸೆಪ್ಟೆಂಬರ್‌ವರೆಗೆ ಒಣ ಕಾಲ, ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. ಇದನ್ನು ಇಡೀ ದೇಶಕ್ಕೆ ಅನ್ವಯಿಸಬೇಡಿ. ಪೂರ್ವದ ಅಂಬೋನ್ ಕಡೆ ಜೂನ್, ಜುಲೈಯಲ್ಲೇ ಜೋರು ಮಳೆ. ಇನ್ನೊಂದು ಸೂಕ್ಷ್ಮ ಇದೆ. ಮಳೆ ಇಲ್ಲ ಅಂದರೆ ಸಮುದ್ರ ಶಾಂತ ಅಂತ ಅರ್ಥವಲ್ಲ. ಜುಲೈ, ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾ ಕಡೆಯಿಂದ ಆಗ್ನೇಯ ಗಾಳಿ ಜೋರಾಗಿ ಬೀಸುತ್ತದೆ. ಆಕಾಶ ನೀಲಿ, ಅಲೆ ಮಾತ್ರ ಎತ್ತರ. ಬಾಲಿಗೂ ಅದರ ಪೂರ್ವದ ಲೊಂಬೊಕ್ ದ್ವೀಪಕ್ಕೂ ನಡುವಿನ ಜಲಸಂಧಿ ತುಂಬ ಆಳ. ಪೆಸಿಫಿಕ್ ಸಾಗರದ ನೀರು ಹಿಂದೂ ಮಹಾಸಾಗರಕ್ಕೆ ಹರಿದುಬರುವ ದಾರಿಗಳಲ್ಲಿ ಅದೂ ಒಂದು. ಹಾಗಾಗಿ ಸೆಳೆತ ಬಲವಾಗಿರುತ್ತದೆ. 1856ರಲ್ಲಿ ಬಾಲಿಯಿಂದ ಲೊಂಬೊಕ್‌ಗೆ ದಾಟಿದ ಬ್ರಿಟಿಷ್ ಪ್ರಕೃತಿ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಆಚೆ ದಡದಲ್ಲಿ ಹಕ್ಕಿಗಳೇ ಬೇರೆ ಬಗೆಯವು ಅನ್ನುವುದನ್ನು ಕಂಡರು. ಏಷ್ಯಾದ ಪ್ರಾಣಿಗಳು ಎಲ್ಲಿಗೆ ನಿಲ್ಲುತ್ತವೆ ಅನ್ನುವ ವಾಲೇಸ್ ಗೆರೆ ಇಲ್ಲೇ ಹಾದುಹೋಗುತ್ತದೆ. ಮಕ್ಕಳಿಗೆ ಹೇಳಲು ಚೆಂದದ ಕಥೆ ಇದು.

ಈ ಜಲಸಂಧಿಯ ಆಚೆ ಗಿಲಿ ದ್ವೀಪಗಳಿವೆ. ಮೋಟಾರು ವಾಹನ ಬಿಡದ ಜಾಗ, ಮಕ್ಕಳಿಗೆ ಸ್ವರ್ಗ. ಹೋಗಬೇಕು ಅನ್ನುವವರು ಮೇ, ಜೂನ್ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳಿ. ಅಲ್ಲಿಂದ ಮರಳಿದ ದಿನವೇ ಮನೆಯ ವಿಮಾನ ಮಾತ್ರ ಬೇಡವೇ ಬೇಡ. ಅಲೆ ಜೋರಾದರೆ ವೇಗದ ಬೋಟುಗಳನ್ನು ನಿಲ್ಲಿಸುತ್ತಾರೆ. ದೈತ್ಯ ಹಲ್ಲಿಗಳಿರುವ ಕೊಮೊಡೊ ದ್ವೀಪಕ್ಕೂ ಇದೇ ಮಾತು. ಬಂದರಿನ ಅಧಿಕಾರಿಗಳು ಬೇಡ ಅಂದ ದಿನ ಯಾವ ಬೋಟೂ ಹೊರಡುವುದಿಲ್ಲ. ಎರಡು ವಾರಕ್ಕೆ ಜಾವಾ, ಬಾಲಿ ಎರಡೇ ಧಾರಾಳ. ಕೊಮೊಡೊ ಇನ್ನೊಂದು ಪ್ರವಾಸಕ್ಕೆ ಇರಲಿ.

ಸ್ಥಳೀಯ ಪಂಚಾಂಗವನ್ನೂ ನೋಡಿ. ಮಾರ್ಚ್ ತಿಂಗಳ ಸುಮಾರಿಗೆ ಬಾಲಿಯಲ್ಲಿ ನ್ಯೆಪಿ ಬರುತ್ತದೆ. ಶಕ ವರ್ಷದ ಮೊದಲ ದಿನ. ಅವತ್ತು ಇಡೀ ದ್ವೀಪ ಮೌನ. ವಿಮಾನ ನಿಲ್ದಾಣ 24 ಗಂಟೆ ಮುಚ್ಚಿರುತ್ತದೆ, ಫೆರಿ ಇಲ್ಲ, ಬೀದಿಗೆ ಯಾರೂ ಇಳಿಯುವಂತಿಲ್ಲ, ಪ್ರವಾಸಿಗರೂ ಸಹ. ಹಿಂದಿನ ಸಂಜೆ ಓಗೊ ಓಗೊ ಅನ್ನುವ ದೊಡ್ಡ ದೊಡ್ಡ ರಾಕ್ಷಸ ಬೊಂಬೆಗಳ ಮೆರವಣಿಗೆ ಇರುತ್ತದೆ. ಗೊತ್ತಿದ್ದು ಹೋದರೆ ಎರಡೂ ಅಪರೂಪದ ಅನುಭವ. ಗೊತ್ತಿಲ್ಲದೆ ಆ ದಿನಕ್ಕೆ ಪ್ರಯಾಣ ಇಟ್ಟುಕೊಂಡರೆ ಮುಂದಿನ ಊರಿನ ಲೆಕ್ಕವೆಲ್ಲ ಕೆಡುತ್ತದೆ. ಹಾಗೆಯೇ ಈದುಲ್ ಫಿತ್ರ್ ಹಬ್ಬದ ಹಿಂದೆಮುಂದೆ ಜಾವಾದ ಜನ ಕೋಟಿಗಟ್ಟಲೆ ತಮ್ಮ ಊರುಗಳಿಗೆ ಹೋಗುತ್ತಾರೆ. ಇದಕ್ಕೆ ಮುದಿಕ್ ಅನ್ನುತ್ತಾರೆ. ರೈಲು, ಫೆರಿ ಎಲ್ಲ ತುಂಬಿರುತ್ತವೆ. ಆ ವಾರ ಈ ದಾರಿ ಬೇಡ.

ಕಾಗದಪತ್ರ, ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. ಇಳಿಯುವ ದಿನಕ್ಕೆ ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಊರ್ಜಿತವಾಗಿರಬೇಕು. ಮಕ್ಕಳ ಪಾಸ್‌ಪೋರ್ಟ್ ಬೇಗ ಮುಗಿಯುತ್ತದೆ, ಮೊದಲು ಅದನ್ನೇ ನೋಡಿ. ಇಳಿದಾಗ ಸಿಗುವ ವೀಸಾಕ್ಕೆ ತಲಾ 5,00,000 ರೂಪಿಯಾ (ಇದು ಇಂಡೋನೇಷ್ಯಾದ ಹಣ, ನಮ್ಮ ರೂಪಾಯಿ ಅಲ್ಲ), 30 ದಿನಕ್ಕೆ. ಕೈಗೂಸಿಗೂ ಬೇರೆ ವೀಸಾ ಬೇಕು. ಬಾಲಿಗೆ ಬರುವ ವಿದೇಶಿಯರಿಂದ 2024ರ ಫೆಬ್ರವರಿಯಿಂದ 1,50,000 ರೂಪಿಯಾ ಪ್ರವಾಸಿ ಶುಲ್ಕವನ್ನೂ ತೆಗೆದುಕೊಳ್ಳುತ್ತಾರೆ. ಸಸ್ಯಾಹಾರಿಗಳಿಗೆ ತೆಂಪೆ, ಅಂದರೆ ಹುದುಗಿಸಿದ ಸೋಯಾ ಬಿಲ್ಲೆ, ಮತ್ತು ತೋಫು ಎಲ್ಲ ಕಡೆ ಸಿಗುತ್ತದೆ. ಆದರೆ ಸಂಬಾಲ್ ಚಟ್ನಿಯಲ್ಲಿ ಬಹಳ ಸಲ ತೆರಾಸಿ, ಅಂದರೆ ಸಿಗಡಿಯ ಪೇಸ್ಟ್ ಇರುತ್ತದೆ. ತನ್ಪಾ ತೆರಾಸಿ ಅಂತ ಹೇಳಿದರೆ ಅದನ್ನು ಬಿಟ್ಟು ಮಾಡಿಕೊಡುತ್ತಾರೆ.

ಆರೋಗ್ಯದ ಬಗ್ಗೆ ಮಾತ್ರ ನಿಧಾನವಾಗಿ ಕೇಳಿ. ಡೆಂಗಿ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಬೆಳಿಗ್ಗೆಯೇ ಮಕ್ಕಳ ಕೈಕಾಲಿಗೆ ಸೊಳ್ಳೆ ಕ್ರೀಮ್ ಹಚ್ಚಿ. ಬಾಲಿಯಲ್ಲಿ 2008ರಿಂದ ರೇಬಿಸ್ ಇದೆ. ಉಬುದ್‌ನ ಕೋತಿಗಳ ಕಾಡಿಗೆ ಎಲ್ಲರೂ ಹೋಗುತ್ತಾರೆ. ಕೈಯಲ್ಲಿ ತಿಂಡಿ, ಕನ್ನಡಕ ಏನೂ ಇರದಿರಲಿ. ನಾಯಿಯೋ ಕೋತಿಯೋ ಕಚ್ಚಿದರೆ, ಪರಚಿದರೂ ಸರಿ, ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಬಾಡಿಗೆ ಸ್ಕೂಟರ್ ಮೇಲೆ ಸಂಸಾರ ಕೂರಿಸಿಕೊಂಡು ಹೋಗುವುದು ಅಲ್ಲಿ ಮಾಮೂಲಿ ಅನಿಸಬಹುದು. ನೀವು ಕಾರನ್ನೇ ಹಿಡಿಯಿರಿ. ದ್ವಿಚಕ್ರ ವಾಹನದ ಅಂತರರಾಷ್ಟ್ರೀಯ ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ಪ್ರವಾಸ ವಿಮೆಯ ಹಣ ಸಿಗದೆ ಹೋಗಬಹುದು.

ಕೊನೆಗೆ, ಪ್ರವಾಸದ ಕೊನೆಯ ಎರಡು ರಾತ್ರಿ. ಅವನ್ನು ಬಾಲಿಯ ಸಾನೂರ್‌ನಲ್ಲಿ ಇಡಿ. ವಿಮಾನ ನಿಲ್ದಾಣಕ್ಕೆ ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯ ಸುಮಾರು. ಹಿಂದೆ ಎಲ್ಲೋ ರೈಲು ತಪ್ಪಿದ್ದರೆ, ಮಗುವಿಗೆ ಜ್ವರ ಬಂದು ಒಂದು ದಿನ ಹೆಚ್ಚು ನಿಂತಿದ್ದರೆ, ಆ ಕೊರತೆಯನ್ನು ಈ ಎರಡು ದಿನ ತುಂಬಿಕೊಡುತ್ತವೆ. ಜ್ವಾಲಾಮುಖಿಯ ಬೂದಿಯನ್ನೂ ಮರೆಯಬೇಡಿ. 2017ರ ನವೆಂಬರ್‌ನಲ್ಲಿ ಅಗುಂಗ್ ಪರ್ವತ ಬೂದಿ ಉಗುಳಿದಾಗ ಬಾಲಿಯ ವಿಮಾನ ನಿಲ್ದಾಣವೇ ಮುಚ್ಚಿತ್ತು. 2024ರ ನವೆಂಬರ್‌ನಲ್ಲಿ ನೂರಾರು ಕಿಲೋಮೀಟರ್ ದೂರದ ಫ್ಲೋರೆಸ್ ದ್ವೀಪದ ಲೆವೊಟೊಬಿ ಸಿಡಿದಾಗಲೂ ಬಾಲಿಯ ವಿಮಾನಗಳು ರದ್ದಾದವು. ವಿಮೆ ತೆಗೆದುಕೊಳ್ಳುವಾಗ ಬೂದಿಯಿಂದಾಗುವ ರದ್ದತಿ ಸೇರಿದೆಯಾ ಅಂತ ಕೇಳಿ. ಮರಳಿದ ಮಾರನೆಯ ದಿನವೇ ಶಾಲೆಯ ಪರೀಕ್ಷೆ ಅಂತ ಇಟ್ಟುಕೊಳ್ಳಬೇಡಿ.

ಏನೂ ಎಡವಟ್ಟಾಗದಿದ್ದರೆ ಸಾನೂರ್‌ನ ಎರಡು ದಿನ ಪೂರ್ತಿ ನಿಮ್ಮದು. ಹವಳದ ದಿಬ್ಬ ಅಲೆಯನ್ನು ತಡೆಯುವುದರಿಂದ ದಡದ ನೀರು ಮಕ್ಕಳಿಗೆ ಹಿತ. ಸಮುದ್ರದ ಪಕ್ಕದಲ್ಲೇ ಉದ್ದಕ್ಕೆ ನಡೆಯುವ ದಾರಿ ಇದೆ, ಹಿರಿಯರು ಆರಾಮಾಗಿ ಓಡಾಡಬಹುದು. ಇಳಿತದ ಹೊತ್ತಿಗೆ ಮಾತ್ರ ನೀರು ತುಂಬ ದೂರ ಸರಿದಿರುತ್ತದೆ. ಭರತ ಎಷ್ಟು ಗಂಟೆಗೆ ಅಂತ ಹಿಂದಿನ ರಾತ್ರಿಯೇ ಹೋಟೆಲಿನವರನ್ನು ಕೇಳಿಟ್ಟುಕೊಳ್ಳಿ. ನಮಸ್ಕಾರ.