ಹಿಟ್ಟು ಬದಲಾಯಿಸಬೇಡಿ, ಹಿಟ್ಟು ಬಿಡಿ

ಕೇಳುಗರಿಗೆ ನಮಸ್ಕಾರ. ನಿಮ್ಮಲ್ಲಿ ಅರ್ಧ ಜನ ಈಗ ಅಡುಗೆಮನೆಯಲ್ಲೇ ಇದ್ದೀರಿ ಅಂತ ನನಗೆ ಗೊತ್ತು. ಒಲೆ ಮೇಲೆ ಏನಿದೆ ಅಂತಲೂ ಹೇಳಬಲ್ಲೆ. ಚಿತ್ರಾನ್ನ, ಇಲ್ಲ ಉಪ್ಪಿಟ್ಟು. ಕ್ಯಾತಸಂದ್ರದ ಕಡೆಯವರಾದರೆ ತಟ್ಟೆ ಇಡ್ಲಿ. ಬೇಜಾರು ಮಾಡಿಕೊಳ್ಳಬೇಡಿ, ನನಗೂ ತಟ್ಟೆ ಇಡ್ಲಿ ಇಷ್ಟವೇ. ಆದರೆ ಇವತ್ತು ನನ್ನನ್ನು ಕರೆದಿರುವುದು ಬೇರೆ ವಿಷಯಕ್ಕೆ. ಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್, ಕಡಿಮೆ ಇರುವ, ಬೇಗ ಆಗುವ ಪ್ಯಾನ್‌ಕೇಕ್.

ಪ್ಯಾನ್‌ಕೇಕ್ ಅಂದರೆ ಗಾಬರಿ ಬೇಡ. ಅಂಗೈ ಅಗಲದ, ದಪ್ಪನೆಯ, ಮೆತ್ತನೆಯ ದೋಸೆ. ಅಷ್ಟೇ.

ಆಹಾರ ಸಲಹೆ ಕೇಳಿಕೊಂಡು ಬರುವವರಿಗೆಲ್ಲ ನಾನು ಮೊದಲು ಕೇಳುವ ಪ್ರಶ್ನೆ, ಬೆಳಗ್ಗೆ ಏನು ತಿಂದಿರಿ? ಹತ್ತರಲ್ಲಿ ಎಂಟು ಜನ ಹೆಮ್ಮೆಯಿಂದ ಹೇಳುತ್ತಾರೆ, "ಅಕ್ಕಿ ಬಿಟ್ಟುಬಿಟ್ಟೆ ಮೇಡಂ, ಈಗ ರಾಗಿ ದೋಸೆ." ಇನ್ನು ಕೆಲವರು ಓಟ್ಸ್ ದೋಸೆ ಅಂತಾರೆ, ಗೋಧಿ ದೋಸೆ ಅಂತಾರೆ. ನಾನು ಹೇಳುವುದು ಒಂದೇ ಮಾತು. ಹಿಟ್ಟು ಬದಲಾಯಿಸಬೇಡಿ, ಹಿಟ್ಟು ಬಿಡಿ.

ನಮ್ಮ ತುಮಕೂರು ಜಿಲ್ಲೆಯಲ್ಲಿ ರಾಗಿ ಬಗ್ಗೆ ಒಂದು ಮಾತು ಆಡಿದರೆ ಜಗಳಕ್ಕೇ ಬರುತ್ತಾರೆ. ಸರಿ, ಒಪ್ಪಿಕೊಳ್ಳುತ್ತೇನೆ. ರಾಗಿಯಲ್ಲಿ ನಾರು ಇದೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಮಕ್ಕಳಿಗೆ ಕೊಡಿ, ಬಾಣಂತಿಯರಿಗೆ ಕೊಡಿ, ಹೊಲದಲ್ಲಿ ದುಡಿಯುವವರಿಗೆ ಮುದ್ದೆ ಕೊಡಿ. ಆದರೆ ಪಿಷ್ಟದ ಲೆಕ್ಕ ಕೇಳಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ರಾಗಿಯಲ್ಲಿ ಸುಮಾರು 67. ಗೋಧಿ ಹಿಟ್ಟು, ಓಟ್ಸ್ ಎರಡೂ ಅದೇ ಹತ್ತಿರ. ಬಸ್ಸು ಬದಲಾಯಿಸಿದಿರಿ, ಊರು ಅದೇ, ಅಲ್ವಾ?

ನಮ್ಮ ಚಿಕ್ಕಪ್ಪನ ಕಥೆ ಹೇಳಬೇಕು. ಶಿರಾ ಕಡೆಯ ಹಳ್ಳಿ. ಸಕ್ಕರೆ ಕಾಯಿಲೆ ಬಂದು ಆರೇಳು ವರ್ಷ ಆಗಿತ್ತು. ಒಂದು ಭಾನುವಾರ ಬೆಳಗ್ಗೆ ಅವರ ಮನೆಗೆ ಹೋದೆ. ಚಿಕ್ಕಪ್ಪ ಜಗಲಿ ಮೇಲೆ ಕೂತು ರಾಗಿ ದೋಸೆ ತಿನ್ನುತ್ತಿದ್ದರು. ಎಷ್ಟನೆಯದು ಅಂದೆ. "ನಾಲ್ಕೋ ಐದೋ" ಅಂದರು. ಒಳಗಿನಿಂದ ಚಿಕ್ಕಮ್ಮನ ದನಿ ಬಂತು, "ಆರು!" ನಾನು ಮುಖ ನೋಡಿದ್ದಕ್ಕೆ ಚಿಕ್ಕಪ್ಪ ಹೇಳಿದ್ದು ಇದು: "ಅಲ್ಲ ಕಣಮ್ಮ, ಡಾಕ್ಟ್ರು ರಾಗಿ ತಿನ್ನಿ ಅಂದ್ರು. ಎಷ್ಟು ಅಂತ ಹೇಳ್ಲಿಲ್ವಲ್ಲ!"

ಒಂದೊಂದು ದೋಸೆಗೂ ಕಡಿಮೆ ಅಂದರೂ 40 ಗ್ರಾಂ ಹಿಟ್ಟು. ಅಂದರೆ 27 ಗ್ರಾಂ ಪಿಷ್ಟ. ಆರು ದೋಸೆಗೆ ನೂರಾ ಅರವತ್ತು ದಾಟಿತು. ಬ್ಯಾಗಿನಲ್ಲಿ ರಕ್ತದ ಸಕ್ಕರೆ ಅಳೆಯುವ ಗ್ಲೂಕೋಮೀಟರ್ ಇತ್ತು. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದೆ. ಬಂದ ಅಂಕಿ ನೋಡಿ ಚಿಕ್ಕಪ್ಪ ಏನಂದರು ಗೊತ್ತಾ? "ನಿನ್ನ ಮೀಟರ್ ಕೆಟ್ಟಿದೆ."

ನನಗೂ ಹಟ ಬಂತು. ಅಲ್ಲೇ ಉಳಿದೆ. ಮಾರನೇ ದಿನ ಅಡುಗೆಮನೆಗೆ ನಾನೇ ಇಳಿದೆ. ಮನೆಯಲ್ಲಿ ಏನಿತ್ತು? ಅವರದೇ ಹೊಲದ ಕಡಲೆಬೀಜ, ಹಿತ್ತಲಿನ ಕೋಳಿ ಮೊಟ್ಟೆ, ತಿಪಟೂರಿನಿಂದ ನೆಂಟರು ತಂದ ಕೊಬ್ಬರಿ. ಬಾದಾಮಿ ಹಿಟ್ಟು ತರಬೇಕು, ಅದು ಬೇಕು, ಇದು ಬೇಕು ಅಂತ ಮೊಬೈಲ್ ನೋಡಿ ದುಡ್ಡು ಸುರಿಯುತ್ತೀರಲ್ಲ, ಸುಮ್ನೆ! ಕಡಲೆಬೀಜದಲ್ಲಿ 100 ಗ್ರಾಂಗೆ ಪಿಷ್ಟ 17 ಗ್ರಾಂ ಸುತ್ತಮುತ್ತ. ಮೊಟ್ಟೆಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಕಲಸಿದೆ, ಹುಯ್ದೆ, ದೋಸೆಯಷ್ಟೇ ಅಗಲ ಮಾಡಿದೆ. ಅಲ್ಲೇ ತಪ್ಪಿದ್ದು. ಮಗುಚಲು ಹೋದರೆ ಕಾವಲಿಗೆ ಅಂಟಿಕೊಂಡು ಚೂರು ಚೂರು. ಚಿಕ್ಕಮ್ಮ ಬಾಗಿಲಿಗೆ ಒರಗಿ ನಿಂತು, "ಇದು ಪ್ಯಾನ್‌ಕೇಕ್ ಅಲ್ಲ, ಬುರ್ಜಿ" ಅಂದರು. ಹಿಟ್ಟು ಇಲ್ಲ ನೋಡಿ, ಹಿಡಿದಿಡುವುದು ಮೊಟ್ಟೆ ಮಾತ್ರ. ಅಗಲವಾದರೆ ಮುರಿಯಲೇಬೇಕು. ಆಮೇಲೆ ಅವರೇ ಅರ್ಧ ಈರುಳ್ಳಿ ಕುಯ್ದು, ಎಣ್ಣೆಯಲ್ಲಿ ಅದ್ದಿ, ಕಾವಲಿ ತುಂಬ ಉಜ್ಜಿಕೊಟ್ಟರು. ಉರಿ ಸಣ್ಣ ಮಾಡಿದರು. ಈ ಸಲ ಅಂಗೈಯಷ್ಟೇ ಹುಯ್ದೆ, ಮೇಲೆ ಮುಚ್ಚಿದೆ. ಚೆನ್ನಾಗಿ ಉಬ್ಬಿ ಬಂತು. ಚಿಕ್ಕಪ್ಪ ನಾಲ್ಕು ತಿಂದು, ಐದನೆಯದಕ್ಕೆ ಬೇಡ ಅಂದರು. ಹೊಟ್ಟೆ ತುಂಬಿತ್ತು. ಎರಡು ಗಂಟೆ ಬಿಟ್ಟು ಅದೇ ಮೀಟರ್, ಅದೇ ಬೆರಳು. ಅಂಕಿ ಇಳಿದಿತ್ತು. "ನೋಡು, ಈಗ ಸರಿಯಾಯ್ತು ನಿನ್ನ ಮೀಟರ್" ಅಂದರು ಮಹಾರಾಯರು.

ಅಯ್ಯೋ, ಗಡಿಯಾರ ಓಡುತ್ತಿದೆ. ಅಳತೆ ಬರೆದುಕೊಳ್ಳಿ. ಒಬ್ಬರಿಗೆ ಎರಡು ಮೊಟ್ಟೆ. ಹುರಿದ ಕಡಲೆಬೀಜದ ಪುಡಿ ಮೂರು ದೊಡ್ಡ ಚಮಚ, ಸುಮಾರು 30 ಗ್ರಾಂ. ತುರಿದ ಕೊಬ್ಬರಿ ಒಂದು ಚಮಚ. ಒಂದು ಚಮಚ ಮೊಸರು, ಚಿಟಿಕೆ ಅಡುಗೆ ಸೋಡಾ. ಮೊಸರಿನ ಹುಳಿ ಇದ್ದರೇ ಸೋಡಾ ಉಬ್ಬುವುದು, ಬಿಡಬೇಡಿ. ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ, ಕೊತ್ತಂಬರಿ. ಕಡಲೆಬೀಜವನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಭಾನುವಾರ ಒಂದು ಡಬ್ಬಿ ಪುಡಿ ಮಾಡಿಟ್ಟರೆ ವಾರವಿಡೀ ಬೆಳಗ್ಗೆ ಹತ್ತು ನಿಮಿಷದ ಕೆಲಸ. ರುಬ್ಬುವುದಿಲ್ಲ, ಹುಳಿ ಬರಿಸುವುದಿಲ್ಲ. ಒಂದು ತಟ್ಟೆ ಪೂರ್ತಿ ತಿಂದರೂ ಪಿಷ್ಟ ಏಳೆಂಟು ಗ್ರಾಂ. "ಗಟ್ಟಿಯಾಗಲಿ ಅಂತ ಎರಡು ಚಮಚ ರಾಗಿ ಹಿಟ್ಟು ಹಾಕಲಾ ಮೇಡಂ?" ಬೇಡ. ಹಿಟ್ಟು ಬಿಡಿ ಅಂತ ಈಗ ತಾನೇ ಹೇಳಿದೆನಲ್ಲಮ್ಮಾ!

ಮೊಟ್ಟೆ ತಿನ್ನದವರು ಕೋಪ ಮಾಡಿಕೊಂಡಿರಬೇಕು. ನಿಮಗೆ ಹೆಸರುಕಾಳು. ರಾತ್ರಿ ನೆನೆಸಿ, ಬೆಳಗ್ಗೆ ಶುಂಠಿ, ಮೆಣಸಿನಕಾಯಿ ಜೊತೆ ರುಬ್ಬಿ ಹುಯ್ಯಿರಿ. ಪಾವಗಡದಾಚೆ ತೆಲುಗಿನವರು ಪೆಸರಟ್ಟು ಅನ್ನುವುದು ಇದನ್ನೇ. ಮೊಟ್ಟೆಯದರಷ್ಟು ಕಡಿಮೆ ಅಲ್ಲ, ಆದರೂ ರಾಗಿಗಿಂತ ಪಿಷ್ಟ ಮೂರರಲ್ಲಿ ಒಂದು ಪಾಲು ಕಡಿಮೆ, ಪ್ರೋಟೀನ್ ಮೂರು ಪಟ್ಟು. ಗರಿಗರಿ ಬರಲಿ ಅಂತ ಒಂದು ಹಿಡಿ ಅಕ್ಕಿ ಸೇರಿಸುತ್ತೀರಿ, ನನಗೆ ಗೊತ್ತು. ಸೇರಿಸಬೇಡಿ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ತಿಂಡಿ ಬದಲಾಯಿಸುವ ಮೊದಲು ಡಾಕ್ಟರಿಗೆ ಒಂದು ಮಾತು ತಿಳಿಸಿ, ಡೋಸ್ ಬದಲಾಗಬಹುದು. ಚಟ್ನಿಗೆ ಹುರಿಗಡಲೆ ಬದಲು ಕಾಯಿ, ಕೊತ್ತಂಬರಿ. ಕಾಫಿಗೆ ಹಾಕುವ ಎರಡು ಚಮಚ ಸಕ್ಕರೆ ಬಗ್ಗೆಯೂ ಹೇಳಬೇಕಿತ್ತು. ಗಾಜಿನ ಆಚೆಯಿಂದ ಕೈ ಬೀಸುತ್ತಿದ್ದಾರೆ, ಚಿಕ್ಕಪ್ಪನೇ ನನ್ನ ಟೈಮೆಲ್ಲ ತಿಂದುಬಿಟ್ಟರು. ನಮಸ್ಕಾರ.