ಕುಳಿಬಿದ್ದ ಉಕ್ಕಿಗೆ ತುಕ್ಕಿನದೇ ಬಣ್ಣ

ಕೇಳುಗರಿಗೆ ನಮಸ್ಕಾರ.

ವರ್ಷಗಟ್ಟಲೆ ಎಣ್ಣೆ ಕಾಣದೆ ಪೆಟ್ಟಿಗೆಯೊಳಗೆ ಬಿದ್ದಿದ್ದ ಪಿಸ್ತೂಲಿನ ಮೈಮೇಲೆ ಎರಡು ಬಗೆಯ ಹಾನಿ ಇರುತ್ತದೆ. ಒಂದು ತುಕ್ಕು, ಇನ್ನೊಂದು ತುಕ್ಕು ತಿಂದುಬಿಟ್ಟ ಕುಳಿ. ತುಕ್ಕು ಮೇಲೆ ಕೂತಿರುತ್ತದೆ, ಕೆರೆದೋ ಕರಗಿಸಿಯೋ ತೆಗೆಯಬಹುದು. ಕುಳಿಯಲ್ಲಿ ತೆಗೆಯಲು ಏನೂ ಇಲ್ಲ, ಅಲ್ಲಿದ್ದ ಉಕ್ಕು ಆಗಲೇ ಹೋಗಿದೆ. ಸುತ್ತಲಿನ ಒಳ್ಳೆಯ ಉಕ್ಕನ್ನೇ ಕುಳಿಯ ತಳದ ಮಟ್ಟಕ್ಕೆ ಇಳಿಸಿದರೆ ಮಾತ್ರ ಅದು ಕಣ್ಣಿಗೆ ಮರೆಯಾಗುತ್ತದೆ. ಎಷ್ಟು ಇಳಿಸಬೇಕು, ಎಲ್ಲಿ ಕೈ ತಡೆಯಬೇಕು ಎನ್ನುವುದೇ ಈ ಕೆಲಸದ ಅರ್ಧ ಪಾಲು.

ಕೈ ಹಾಕುವ ಮೊದಲು ಎರಡು ವಿಷಯ. ಪಿಸ್ತೂಲು ಕಾನೂನುಬದ್ಧವಾಗಿ ನಿಮ್ಮ ಬಳಿ ಇರಬೇಕು. ಅದರ ಹೊಟ್ಟೆ ಖಾಲಿ ಇದೆಯೆಂದು ಖಚಿತವಾಗಬೇಕು. ಬಾಯಿಯಿಂದ ಮದ್ದು ತುಂಬುವ ಹಳೆಯ ಬಗೆಯದಾದರೆ ನೋಡಿದರೆ ತಿಳಿಯುವುದಿಲ್ಲ. ಒಂದು ಮರದ ಕಡ್ಡಿಯನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಅಂಚಿಗೆ ಗುರುತು ಹಾಕಿ. ಅದೇ ಕಡ್ಡಿಯನ್ನು, ಗುರುತು ಬಾಯಿಗೆ ಸರಿಯಾಗಿ ಕೂರುವಂತೆ, ಹೊರಗೆ ನಳಿಗೆಯ ಪಕ್ಕದಲ್ಲಿ ಹಿಡಿದಾಗ ಅದರ ತುದಿ ಕಿವಿಯ ರಂಧ್ರದ, ಅಂದರೆ ಮದ್ದಿಗೆ ಬೆಂಕಿ ತಾಗುವ ತೂತಿನ, ಹತ್ತಿರ ಬರಬೇಕು. ಎರಡು ಮೂರು ಸೆಂಟಿಮೀಟರ್ ಮೊದಲೇ ನಿಂತರೆ ಒಳಗೆ ಏನೋ ಇದೆ. ಅದು ನೂರು ವರ್ಷದ ಹಿಂದೆ ತುಂಬಿದ ಮದ್ದೇ ಆಗಿರಬಹುದು. ಕಪ್ಪುಮದ್ದು ಹಾಗೆಲ್ಲ ಸಾಯುವುದಿಲ್ಲ. ಅದನ್ನು ತೆಗೆಯುವುದು ಬಂದೂಕು ಕಸುಬಿನವರ ಕೆಲಸ. ಅಲ್ಲಿಯವರೆಗೆ ಬೆಂಕಿಯಾಗಲಿ ಬಿಸಿಯಾಗಲಿ ಹತ್ತಿರ ಬರಕೂಡದು.

ಇನ್ನೊಂದನ್ನೂ ಯೋಚಿಸಿ. ಅಪರೂಪದ ತಯಾರಿಕೆಯಾಗಿದ್ದು, ಮೂಲ ಬಣ್ಣ ಅಲ್ಲಲ್ಲಿ ಉಳಿದಿದ್ದರೆ ಅದನ್ನು ಉಜ್ಜಲೇಬೇಡಿ. ಸಂಗ್ರಾಹಕರಿಗೆ ಹೊಸ ಹೊಳಪಿಗಿಂತ ಹಳೆಯ ಮಾಸಲೇ ಹೆಚ್ಚು ಬೆಲೆಯದು. ಎಣ್ಣೆ ಸವರಿ, ತಾಮ್ರದ ಚೂರಿನ ಅಂಚಿನಿಂದ ತುಕ್ಕಿನ ಗಂಟುಗಳನ್ನಷ್ಟೇ ಎಬ್ಬಿಸಿ ಬಿಟ್ಟುಬಿಡಿ. ಮುಂದಿನ ಮಾತೆಲ್ಲ ಬಣ್ಣವೂ ಹೋಗಿ, ಬೆಲೆಯೂ ಹೋದ ಪಿಸ್ತೂಲಿಗೆ.

ಬಿಚ್ಚುವಾಗ ಹಾಳಾಗುವುದು ಹೆಚ್ಚಾಗಿ ತಿರುಪಿನ ತಲೆ. ಅಂಗಡಿಯಲ್ಲಿ ಸಿಗುವ ಸ್ಕ್ರೂಡ್ರೈವರಿನ ತುದಿ ಬೆಣೆಯಂತೆ ಇಳಿಜಾರಾಗಿರುತ್ತದೆ. ಒತ್ತಿ ತಿರುಗಿಸಿದಾಗ ಅದು ತಿರುಪಿನ ತಲೆಯ ಸೀಳಿನಿಂದ ಮೇಲೆದ್ದು ಅಂಚನ್ನು ಕಿತ್ತುಬಿಡುತ್ತದೆ. ತುದಿಯ ಎರಡೂ ಮುಖ ಸಮಾನಾಂತರವಾಗಿ, ಸೀಳಿನ ಅಗಲ ದಪ್ಪಗಳಿಗೆ ಬಿಗಿಯಾಗಿ ಕೂರುವಂತೆ ಅರದಿಂದ ತಿದ್ದಿಕೊಳ್ಳಿ. ತಿರುಪು ಕಚ್ಚಿಕೊಂಡಿದ್ದರೆ ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರಿನ ಎಣ್ಣೆಯನ್ನು ಸಮಪಾಲು ಬೆರೆಸಿ, ದಿನಕ್ಕೆ ಎರಡು ಸಲ ಹನಿಸುತ್ತಾ ಒಂದು ವಾರ ಕಾಯಿರಿ. ಎರಡೂ ಬೇರ್ಪಡುತ್ತವೆ, ಆದ್ದರಿಂದ ಪ್ರತಿಸಲ ಕಲಕಬೇಕು. ಅಸಿಟೋನ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ ಎನ್ನುವುದು ನೆನಪಿರಲಿ. ಹಿಡಿಯ ಪಟ್ಟಿಗಳನ್ನು ಇದಕ್ಕೂ ಮೊದಲೇ ಬಿಚ್ಚಿಡಿ, ಯಾಕೆಂದರೆ ಅಸಿಟೋನ್ ಸೆಲ್ಯುಲಾಯ್ಡನ್ನು ಕರಗಿಸುತ್ತದೆ, ಮರದ ವಾರ್ನಿಶನ್ನು ಎಬ್ಬಿಸುತ್ತದೆ. ಪ್ರತಿ ಹಂತಕ್ಕೂ ಒಂದು ಫೋಟೋ ತೆಗೆದುಕೊಳ್ಳಿ. ತಿರುಪುಗಳು ಒಂದೇ ಥರ ಕಂಡರೂ ಉದ್ದದಲ್ಲಿ ಬೇರೆ ಇರುತ್ತವೆ.

ತುಕ್ಕು ಬಿಡಿಸಲು ಆಮ್ಲದ ದಾರಿ ಎಲ್ಲರಿಗೂ ಗೊತ್ತು. ವಿನೆಗರ್ ಅಥವಾ ಸಿಟ್ರಿಕ್ ಆಮ್ಲ ತುಕ್ಕನ್ನು ತಿನ್ನುತ್ತದೆ, ಮರೆತರೆ ಉಕ್ಕನ್ನೂ ತಿಂದು ಬೂದುಬಣ್ಣದ ಒರಟು ಮೈ ಬಿಡುತ್ತದೆ. ವಿದ್ಯುತ್ತಿನ ದಾರಿ ಇದಕ್ಕಿಂತ ಮೆದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿ ಪಿಸ್ತೂಲಿನ ಭಾಗಕ್ಕೆ, ಧನ ತಂತಿ ಬೇಡದ ಕಬ್ಬಿಣದ ತುಂಡಿಗೆ. ಇದು ಅದಲುಬದಲಾದರೆ ಪಿಸ್ತೂಲೇ ಕರಗತೊಡಗುತ್ತದೆ. ಧನ ಧ್ರುವಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ, ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಗಾಳಿಯಾಡುವ ಜಾಗವೇ ಬೇಕು, ಕಿಡಿ ಹತ್ತಿರ ಬರಬಾರದು. ಅದೇ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಗಾಜಿನಂತೆ ಪೆಡಸು ಮಾಡುತ್ತದೆ. ಆದ್ದರಿಂದ ಸ್ಪ್ರಿಂಗ್, ಟ್ರಿಗರ್ ಒತ್ತುವವರೆಗೆ ಹ್ಯಾಮರನ್ನು ತಡೆದಿಡುವ ಸಿಯರ್, ಕಾಡತೂಸಿಗೆ ಹೊಡೆಯುವ ಫೈರಿಂಗ್ ಪಿನ್ ಇವು ಆಮ್ಲಕ್ಕೂ ಬೇಡ, ಈ ತೊಟ್ಟಿಗೂ ಬೇಡ. ಅವುಗಳನ್ನು ಎಣ್ಣೆ ಹಾಕಿ ಕೈಯಲ್ಲೇ ಉಜ್ಜಬೇಕು. ಅಲ್ಯೂಮಿನಿಯಂ ಭಾಗಗಳನ್ನಂತೂ ಸೋಡಾನೀರೇ ತಿನ್ನುತ್ತದೆ.

ನನ್ನ ಮೆಚ್ಚಿನದು ಇವೆರಡಕ್ಕಿಂತ ಸುಲಭ, ಬರೀ ಕುದಿಯುವ ನೀರು. ಶುದ್ಧ ಡಿಸ್ಟಿಲ್ಡ್ ವಾಟರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿದರೆ ಕೆಂಪು ತುಕ್ಕು ಕಪ್ಪು ಆಕ್ಸೈಡಾಗಿ ಬದಲಾಗುತ್ತದೆ. ಅಯಸ್ಕಾಂತಶಿಲೆಯೂ ಇದೇ ಸಂಯುಕ್ತ. ಮೆತ್ತನೆಯ ಸ್ಟೀಲ್ ವುಲ್ಲಿನಿಂದ ಉಜ್ಜಿದರೆ ಸಡಿಲವಾದದ್ದು ಉದುರಿ, ಅಂಟಿಕೊಂಡದ್ದು ಕಪ್ಪಾಗಿ ಉಳಿಯುತ್ತದೆ. ಇನ್ನೊಂದು ಲಾಭವೂ ಇದೆ. ಕುಳಿಯ ತಳದಲ್ಲಿ ಅಡಗಿರುವ ಉಪ್ಪು ಈ ನೀರಿಗೆ ಬಿಡುತ್ತದೆ. ಆ ಉಪ್ಪು ಅಲ್ಲೇ ಉಳಿದರೆ ನೀವು ಎಷ್ಟೇ ಚೆಂದ ಬಣ್ಣ ಹಾಕಿ, ತಿಂಗಳೊಳಗೆ ಅದೇ ಕುಳಿಯಿಂದ ಕೆಂಪು ಮತ್ತೆ ಇಣುಕುತ್ತದೆ. ಹಳೆಯ ಕಾಡತೂಸುಗಳ ಕ್ಯಾಪಿನಿಂದ ನಳಿಗೆಯಲ್ಲಿ ಕೂತ ಉಪ್ಪೂ ಹಾಗೆಯೇ. ಅದು ಎಣ್ಣೆಗೆ ಕರಗುವುದಿಲ್ಲ, ಬಿಸಿನೀರಿಗೇ ಕರಗುತ್ತದೆ.

ಈಗ ಕುಳಿಗೆ ಬರೋಣ. ಮೈಗೆಲ್ಲ ಮಾರ್ಕರ್ ಶಾಯಿ ಬಳಿದು, ಚಪ್ಪಟೆ ಮರದ ತುಂಡಿಗೆ 220ರ ಎಮರಿ ಕಾಗದ (ಸಂಖ್ಯೆ ಹೆಚ್ಚಿದಷ್ಟೂ ನಯ) ಸುತ್ತಿ ನಾಲ್ಕು ಸಲ ಉಜ್ಜಿ ನೋಡಿ. ಶಾಯಿ ಉಳಿದ ಕಡೆ ತಗ್ಗು. 0.1 ಮಿಲಿಮೀಟರ್ ಆಳದ ಕುಳಿ ಹೋಗಬೇಕಾದರೆ ಆ ಮುಖವಿಡೀ ಅಷ್ಟು ಇಳಿಯಬೇಕು. ದುಂಡು ನಳಿಗೆಯಲ್ಲಿ ಸುತ್ತಲೂ ಅಷ್ಟು ಇಳಿದರೆ ವ್ಯಾಸ 0.2 ಕಡಿಮೆಯಾಯಿತು. ತಯಾರಕರ ಅಕ್ಷರಗಳ ಅಚ್ಚು ಎಷ್ಟೋ ಸಲ ಅಷ್ಟೇ ಆಳ ಇರುತ್ತದೆ. ಕ್ರಮಸಂಖ್ಯೆಯ ಹತ್ತಿರವಂತೂ ಕೈ ಹಾಕಲೇಬಾರದು. ಅದು ಅಳಿದರೆ ಪಿಸ್ತೂಲು ಚೆಂದವಾಗುವುದಿಲ್ಲ, ಅಪರಾಧದ ವಸ್ತುವಾಗುತ್ತದೆ. ಅಲ್ಲಿ ಕುಳಿಗಳು ಇದ್ದಂತೆಯೇ ಇರಲಿ.

ಹೆಚ್ಚು ಇಳಿಸಬೇಕಾದ ಚಪ್ಪಟೆ ಮುಖಗಳಿಗೆ ಅರವೇ ಸರಿ. ಅದನ್ನು ಎರಡೂ ಕೈಯಲ್ಲಿ ಅಡ್ಡಕ್ಕೆ ಹಿಡಿದು ಉದ್ದಕ್ಕೆ ಎಳೆಯಬೇಕು. ಅರದ ಹಲ್ಲಿಗೆ ಸೀಮೆಸುಣ್ಣ ತೀಡಿದರೆ ಉಕ್ಕಿನ ಪುಡಿ ಸಿಕ್ಕಿ ಗೀರು ಬೀಳುವುದಿಲ್ಲ. ಅರ ಕಚ್ಚದೆ ಗಾಜಿನ ಮೇಲಿನಂತೆ ಜಾರಿದರೆ ನಿಲ್ಲಿಸಿ. ಅಲ್ಲಿ ಮೇಲ್ಪದರ ಮಾತ್ರ ಗಟ್ಟಿಮಾಡಿದ್ದಿರಬಹುದು, ಅದನ್ನು ದಾಟಿದರೆ ಕೆಳಗೆ ಮೆದು ಕಬ್ಬಿಣ. ಆಮೇಲೆ 220, 320, 400 ಹೀಗೆ ಕಾಗದ ಬದಲಿಸುತ್ತಾ, ಪ್ರತಿಸಲ ಹಿಂದಿನ ಗೀರುಗಳಿಗೆ ಅಡ್ಡಲಾಗಿ ಉಜ್ಜಿ. ಹಿಂದಿನದು ಪೂರ್ತಿ ಹೋಗುವ ತನಕ ಮುಂದಿನ ಕಾಗದಕ್ಕೆ ಹೋಗಬಾರದು. ಕಾಗದದ ಹಿಂದೆ ಯಾವಾಗಲೂ ಗಟ್ಟಿ ಆಸರೆ ಇರಲಿ. ಬೆರಳಿನಿಂದ ಒತ್ತಿದರೆ, ಇಲ್ಲವೇ ಮೆತ್ತನೆಯ ಬಫಿಂಗ್ ಚಕ್ರಕ್ಕೆ ಹಿಡಿದರೆ, ಅಂಚುಗಳು ಸೋಪಿನ ಬಿಲ್ಲೆಯಂತೆ ಉರುಟಾಗುತ್ತವೆ, ತಿರುಪಿನ ತೂತುಗಳ ಬಾಯಿ ಬಟ್ಟಲಾಗುತ್ತದೆ. ಹಾಳಾದ ಪಿಸ್ತೂಲುಗಳಲ್ಲಿ ತುಕ್ಕು ತಿಂದದ್ದಕ್ಕಿಂತ ಈ ಚಕ್ರ ತಿಂದದ್ದೇ ಜಾಸ್ತಿ ಎಂದರೂ ತಪ್ಪಾಗಲಾರದು. ಆಳದ ಒಂದೆರಡು ಕುಳಿಗಳನ್ನು ವೆಲ್ಡಿಂಗಿನಿಂದ ತುಂಬಬಹುದು. ಆದರೆ ಕಾವು ಉಕ್ಕಿನ ಹದ ಕೆಡಿಸುತ್ತದೆ, ತುಂಬಿದ ಜಾಗ ಬಣ್ಣವನ್ನೂ ಬೇರೆಯಾಗಿ ಹಿಡಿಯುತ್ತದೆ. ಬೆಸುಗೆಯ ಸೀಸಕ್ಕಂತೂ ಬಣ್ಣ ಹಿಡಿಯುವುದೇ ಇಲ್ಲ.

400ಕ್ಕೆ ನಿಲ್ಲಿಸಿ. ಕನ್ನಡಿಯಂತೆ ಹೊಳೆಸಿದರೆ ಮುಂದಿನ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ.

ಆ ಬಣ್ಣ ತುಕ್ಕಿನಿಂದಲೇ ಬರುತ್ತದೆ. ರಸ್ಟ್ ಬ್ಲೂಯಿಂಗ್ ಎನ್ನುತ್ತಾರೆ. ಸೆಲೀನಿಯಂ ಇರುವ ತಣ್ಣನೆಯ ಬ್ಲೂ ದ್ರಾವಣ ಐದು ನಿಮಿಷದಲ್ಲಿ ಕಪ್ಪು ಮಾಡುತ್ತದೆ ನಿಜ, ಆದರೆ ಅಷ್ಟೇ ಬೇಗ ಸವೆಯುತ್ತದೆ. ಚಿಕ್ಕ ಗೀರು ಮುಚ್ಚಲಷ್ಟೇ ಅದು ಸಾಕು. ಕಾರ್ಖಾನೆಗಳು ಬಳಸುವ ಬಿಸಿ ಬ್ಲೂಯಿಂಗಿನಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಸುಮಾರು 140 ಡಿಗ್ರಿಯಲ್ಲಿ ಕುದಿಯುತ್ತವೆ. ಅದರೊಳಗೆ ನೀರು ಬಿದ್ದರೆ ಸಿಡಿದು ಮೈಮೇಲೆ ಹಾರುತ್ತದೆ. ಮನೆಯಲ್ಲಿ ಮಾಡುವಂಥದ್ದಲ್ಲ.

ರಸ್ಟ್ ಬ್ಲೂಯಿಂಗಿಗೆ ಮೊದಲು ಎಣ್ಣೆಯ ಕುರುಹೂ ಇಲ್ಲದಂತೆ ಅಸಿಟೋನಿನಲ್ಲಿ ತೊಳೆಯಬೇಕು. ಇಲ್ಲಿಂದ ಕೊನೆಯವರೆಗೆ ಕೈಗೆ ಹೊಸ ಗ್ಲೌಸ್. ಸ್ಟೀಲ್ ವುಲ್ಲಿಗೂ ಎಣ್ಣೆ ಹಚ್ಚಿ ಮಾರುತ್ತಾರೆ, ಅದನ್ನೂ ತೊಳೆಯಿರಿ. ನಳಿಗೆಯ ಬಾಯಿಗಳಿಗೆ ಮರದ ಬಿರಡೆ ಬಡಿದರೆ ಒಳಗಿನ ಎಣ್ಣೆ ಹೊರಗೆ ಒಸರುವುದಿಲ್ಲ, ಹಿಡಿಯಲು ಹಿಡಿಕೆಯೂ ಆಯಿತು. ತುಕ್ಕು ಹಿಡಿಸಲೆಂದೇ ಸಿದ್ಧವಾಗಿ ಸಿಗುವ ಆಮ್ಲದ ದ್ರಾವಣವನ್ನು ಹತ್ತಿಯ ಉಂಡೆಗೆ ಹನಿಸಿ, ಹಿಂಡಿ, ಒಂದೇ ದಿಕ್ಕಿನಲ್ಲಿ ಒಮ್ಮೆ ಎಳೆಯಿರಿ. ಎಳೆದ ಜಾಗ ತೇವವಾಗಿ ಕಾಣಬೇಕು, ಹರಿಯಬಾರದು. ಹರಿದರೆ ಆ ಗೆರೆ ಕೊನೆಯವರೆಗೂ ಉಳಿಯುತ್ತದೆ. ತಾಮ್ರದ ಉಪ್ಪಿರುವ ದ್ರಾವಣವಾದರೆ ಅಲ್ಲಿ ತಾಮ್ರದ ಬಣ್ಣವೇ ಕೂರುತ್ತದೆ. ಬಳಿದ ಜಾಗದ ಮೇಲೆ ಮತ್ತೆ ಬಳಿಯಲೂ ಬಾರದು.

ಮುಚ್ಚಿದ ಪೆಟ್ಟಿಗೆಯೊಳಗೆ ಬಿಸಿನೀರಿನ ಬಟ್ಟಲಿಟ್ಟು, ತೇವಾಂಶ ಶೇಕಡ 70ರಿಂದ 80 ಇರುವಂತೆ ನೋಡಿಕೊಂಡು, ಭಾಗಗಳನ್ನು ಒಂದಕ್ಕೊಂದು ತಾಗದಂತೆ ತೂಗುಹಾಕಿ. ಮೂರು ಗಂಟೆಯಿಂದ ಹತ್ತು ಗಂಟೆಯೊಳಗೆ ಅರಿಶಿನಗೆಂಪು ಪುಡಿಯಂಥ ಸಣ್ಣ ತುಕ್ಕು ಎಲ್ಲ ಕಡೆಯೂ ಒಂದೇ ಸಮ ಏಳಬೇಕು. ಇದೇ ಪಳಗಿದ ಕಣ್ಣಿಗೆ ಬಿಟ್ಟ ಹೊತ್ತು. ತಡಮಾಡಿದರೆ ತುಕ್ಕು ದಪ್ಪಕಟ್ಟಿ ಹೊಸ ಕುಳಿಗಳನ್ನೇ ಕೊರೆಯುತ್ತದೆ, ಪೆಟ್ಟಿಗೆಯಲ್ಲಿ ಹನಿ ತೊಟ್ಟಿಕ್ಕಿದರೆ ಬಿದ್ದಲ್ಲೆಲ್ಲ ಚುಕ್ಕೆ.

ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಹದಿನೈದು ನಿಮಿಷ ಕುದಿಸಿ. ನಲ್ಲಿ ನೀರಾದರೆ ಅದರ ಖನಿಜ ಬಿಳಿ ಕಲೆಯಾಗಿ ಕೂರುತ್ತದೆ. ಕೆಂಪು ಮಖಮಲ್ಲಿನಂಥ ಕಪ್ಪಾಗುತ್ತದೆ. ಹೊರತೆಗೆದಾಗ ಉಕ್ಕಿನ ಬಿಸಿಗೇ ನೀರು ಆರಿಹೋಗುತ್ತದೆ. ಅತಿ ನಯವಾದ ಸ್ಟೀಲ್ ವುಲ್ಲಿನಿಂದ ಹಗುರಾಗಿ ಉಜ್ಜಿ, ಆ ಮಸಿ ತೆಗೆಯಿರಿ. ಅಡಿಯಲ್ಲಿ ತಿಳಿ ಬೂದು ಕಾಣುತ್ತದೆ. ಮೊದಲ ಸಲ ಕಂಡವರಿಗೆ ಎಲ್ಲ ಹಾಳಾಯಿತು ಅನ್ನಿಸುವುದು ಸಹಜ. ಮತ್ತೆ ಬಳಿದು, ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ. ಆರೇಳು ಸುತ್ತಿಗೆ ಬಣ್ಣ ಆಳವಾಗುತ್ತದೆ, ಕೆಲವು ಉಕ್ಕು ಹತ್ತು ಸುತ್ತು ಬೇಡುತ್ತದೆ. ಎರಡು ಸುತ್ತಿನ ನಡುವೆ ವ್ಯತ್ಯಾಸ ಕಾಣದಾದಾಗ ಸಾಕು. ಉಳಿಸಿದ್ದ ಸಣ್ಣ ಕುಳಿಗಳು ಈ ಮಂದ ಕಪ್ಪಿನಲ್ಲಿ ಎದ್ದು ಕಾಣುವುದಿಲ್ಲ. ಅದಕ್ಕೇ ಅವುಗಳ ಬೆನ್ನು ಹತ್ತಿ ಉಕ್ಕು ಕಳೆದುಕೊಳ್ಳಬೇಡಿ ಅಂದದ್ದು.

ಕೊನೆಯಲ್ಲಿ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ ಉಳಿದ ಆಮ್ಲವನ್ನು ಕೊಲ್ಲಿ, ಒಮ್ಮೆ ಕುದಿಸಿ, ಬಿಸಿ ಇರುವಾಗಲೇ ಎಣ್ಣೆಯಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಡಿ. ಮರದ ಹಿಡಿಗೆ ತೆಳ್ಳಗೆ ಅಗಸೆ ಎಣ್ಣೆ. ಆ ಎಣ್ಣೆಬಟ್ಟೆಯನ್ನು ಮುದ್ದೆಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಿ.

ಇಷ್ಟಾದ ಪಿಸ್ತೂಲು ಗೋಡೆಗೆ ಸರಿ. ಗುಂಡು ಹಾರಿಸಬೇಕೆಂದರೆ ಮಾತು ಬೇರೆ. ಬಣ್ಣ ಬಿರುಕನ್ನು ಮುಚ್ಚುತ್ತದೆ, ಬೆಸೆಯುವುದಿಲ್ಲ. ಗುಂಡು ಕೂರುವ ಕೋಣೆಯಲ್ಲೋ, ರಿವಾಲ್ವರಿನ ಉರುಳೆಯ ಕಚ್ಚುಗಳ ಕೆಳಗಿನ ತೆಳು ಗೋಡೆಯಲ್ಲೋ ಕುಳಿ ಇದ್ದರೆ ಅದನ್ನು ಹಾರಿಸುವ ಯೋಚನೆ ಬಿಡಿ. ಬಿರುಕು ಹುಡುಕುವ ಬಣ್ಣದ ದ್ರವದ ಪರೀಕ್ಷೆಯನ್ನು ಕಸುಬು ಬಲ್ಲವರಿಂದ ಬ್ಲೂಯಿಂಗಿಗೆ ಮೊದಲೇ, ಉಕ್ಕು ಬರಿಮೈಯಲ್ಲಿರುವಾಗ ಮಾಡಿಸಿಕೊಳ್ಳಿ.

ನಮಸ್ಕಾರ.