ಸೀಟು ಸಿಕ್ಕಿತು, ಸರಿ. ಮುಂದೆ?

ನಮಸ್ಕಾರ. ನಮ್ಮ ವೀಕ್ಷಕರೊಬ್ಬರ ಪ್ರಶ್ನೆ: "ಸಂಶೋಧನೆಗೆ ಸೀಟು ಸಿಕ್ಕಿದ ಮೇಲೆ ಮೆಂಟರ್ (ದಾರಿ ತೋರಿಸುವವರು) ಅಂತ ಬೇರೆ ಯಾಕೆ?" ಇದು ನನ್ನ ತಲೆ ಕೊರೆಯುತ್ತಿತ್ತು. ಬನ್ನಿ, ಸೀದಾ 1933ರ ಬೆಂಗಳೂರಿಗೆ.

ಬಾಂಬೆಯಲ್ಲಿ ಬಿ.ಎಸ್ಸಿ. ಮುಗಿಸಿದ ಕಮಲಾ ಭಾಗವತ್ (ಮದುವೆಯಾದ ಮೇಲೆ ಕಮಲಾ ಸೊಹೊನಿ) ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್) ಅರ್ಜಿ ಹಾಕಿದರು. ಡೈರೆಕ್ಟರ್ ಸಿ.ವಿ. ರಾಮನ್ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಅಂದುಬಿಟ್ಟರು. ಈಕೆ ಸತ್ಯಾಗ್ರಹಕ್ಕೇ ಇಳಿದರು. ಕೊನೆಗೆ ಸೀಟೇನೋ ಸಿಕ್ಕಿತು, ಷರತ್ತುಗಳ ಜೊತೆ: ಒಂದು ವರ್ಷ ಪ್ರೊಬೇಷನ್, ಗೈಡ್ ಹೇಳಿದರೆ ರಾತ್ರಿಯೂ ಕೆಲಸ, ಮತ್ತೆ ಲ್ಯಾಬಿನ ವಾತಾವರಣ ಕೆಡಿಸಬಾರದು. ಕೆಮಿಸ್ಟ್ರಿ ಲ್ಯಾಬ್ ಕಣ್ರೀ! ಕೊಳೆತ ಮೊಟ್ಟೆ ವಾಸನೆ ಹೊಡೆಯುವ ಜಾಗದಲ್ಲಿ ವಾತಾವರಣ ಕೆಡಿಸುವುದು ಈ ಹುಡುಗಿಯಂತೆ.

ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇಷ್ಟವಾದದ್ದು ಇದರ ಮುಂದಿನದು, ಅವರ ಗೈಡ್ ಶ್ರೀನಿವಾಸಯ್ಯ. ಮಹಾ ಕಟ್ಟುನಿಟ್ಟು. ಆದರೆ ಬಯೋಕೆಮಿಸ್ಟ್ರಿಯ ಮೂಲ ಬರಹಗಳನ್ನೇ ಓದಲು ಹಚ್ಚಿದರು, ಅನುಮಾನ ಬಂದರೆ ಆ ವಿಷಯದ ವಿಜ್ಞಾನಿಗಳಿಗೇ ಕಾಗದ ಬರೆದು ಕೇಳಿ ಅಂದರು. ಯೋಚನೆ ಮಾಡಿ: ಬಾಗಿಲಲ್ಲೇ ಬೇಡ ಅನ್ನಿಸಿಕೊಂಡ ಹುಡುಗಿ, ಕೂತು ದೊಡ್ಡ ದೊಡ್ಡವರಿಗೆ ಪ್ರಶ್ನೆ ಬರೆಯುತ್ತಾಳೆ, ಉತ್ತರಕ್ಕೆ ಅಂಚೆ ಕಾಯುತ್ತಾಳೆ. ದಾರಿ ತೋರಿಸುವವರಿಲ್ಲದೆ ಲ್ಯಾಬಿಗೆ ಬಿಡುವುದು ಅಂದರೆ ಹೊಸ ಸೊಸೆಯನ್ನು ಅಡುಗೆಮನೆಗೆ ಬಿಟ್ಟ ಹಾಗೆ. ಒಂದೇ ಥರದ ಇಪ್ಪತ್ತು ಡಬ್ಬಿ, ಯಾವುದರಲ್ಲಿ ಏನಿದೆ ಅಂತ ಯಾರಾದರೂ ಹೇಳಬೇಕು. ಇಲ್ಲದಿದ್ದರೆ ಪಾಯಸಕ್ಕೆ ಉಪ್ಪು ಬೀಳುತ್ತದೆ, ಆಮೇಲೆ "ಇವಳಿಗೆ ಅಡುಗೆ ಬರಲ್ಲ" ಅನ್ನುವ ಹೆಸರು ಬೇರೆ! ಗಂಡಸರಿಗೆ ಇದೆಲ್ಲ ಹಾಸ್ಟೆಲ್‌ನಲ್ಲಿ, ಕಾಫಿ ಕುಡಿಯುತ್ತಾ ಸುಮ್ನೆ ಗೊತ್ತಾಗಿಬಿಡುತ್ತಿತ್ತು, ಅಲ್ವಾ? ಒಬ್ಬಳೇ ಹುಡುಗಿಗೆ ಯಾರು ಹೇಳಬೇಕು?

ಟೈಮ್ ಆಯ್ತು, ಉಳಿದದ್ದು ಓಡುತ್ತಾ ಹೇಳುತ್ತೇನೆ. ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ, 1936ರಲ್ಲಿ ಎಂ.ಎಸ್ಸಿ., ಆಮೇಲೆ ಕೇಂಬ್ರಿಡ್ಜ್, 1939ರಲ್ಲಿ ಪಿಎಚ್‌ಡಿ. ಥೀಸಿಸ್ ಬರೀ 40 ಪುಟ! ಈಕೆಯ ಕೆಲಸ ನೋಡಿದ ಮೇಲೆ ರಾಮನ್ ಬೇರೆ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡರು, ಆದರೂ ಅವರು ನಡೆಸಿಕೊಂಡ ರೀತಿಯನ್ನು ಕಮಲಾ ವಯಸ್ಸಾದ ಮೇಲೂ ಮರೆಯಲಿಲ್ಲ.

ಇನ್ನು ಭೌತವಿಜ್ಞಾನಿ ಅನ್ನಾ ಮಣಿ. ರಾಮನ್ ಲ್ಯಾಬಿನಲ್ಲೇ ವಜ್ರ, ಮಾಣಿಕ್ಯಗಳ ಮೇಲೆ ಕೆಲಸ ಮಾಡಿ 5 ಪೇಪರ್ ಬರೆದು 1945ರಲ್ಲಿ ಥೀಸಿಸ್ ಕೊಟ್ಟರೆ, ಎಂ.ಎಸ್ಸಿ. ಇಲ್ಲ, ಪಿಎಚ್‌ಡಿ ಕೊಡಲ್ಲ ಅಂದಿತು ಮದ್ರಾಸ್ ವಿಶ್ವವಿದ್ಯಾಲಯ. ಈ ನಿಯಮದ ಬಗ್ಗೆ ಮೊದಲೇ ಯಾರಾದರೂ ತಲೆ ಕೆಡಿಸಿಕೊಂಡಿದ್ದರೆ? ನನಗಂತೂ ಸಿಟ್ಟು ಬರುತ್ತದೆ. ಮುಂದೆ ಹವಾಮಾನ ಇಲಾಖೆಯಲ್ಲಿ ಅವರು ಎಷ್ಟು ಎತ್ತರಕ್ಕೆ ಹೋದರು ಅನ್ನುವುದು ಬೇರೆ ವಿಡಿಯೋ. ಡಿಗ್ರಿ ಸಿಗದ ಆ ಥೀಸಿಸ್ ಮಾತ್ರ ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಲೈಬ್ರರಿಯಲ್ಲಿ, ಪಿಎಚ್‌ಡಿ ಸಿಕ್ಕ ಥೀಸಿಸ್‌ಗಳ ಪಕ್ಕದಲ್ಲೇ ಉಳಿದಿದೆ.